ಇಟ್ಟಿಯವಿರ ಸಾರ್ ಮತ್ತು ಮುಂದಿನ ಸೀಟಿನ ಅಕ್ಕಿಮೂಟೆ

ಕಾವುಂಗಲ್ ಜಂಕ್ಷನ್ನಿನಲ್ಲಿ ಪರೀದಿಕ್ಕನ ಚಹಾದಂಗಡಿಯ ಮುಂದಿನ ಬೆಂಚು ಬೆಳಿಗ್ಗೆ ಹತ್ತರ ಸುಮಾರಿಗೆ ಇದ್ದಕ್ಕಿದ್ದಂತೆ ಖಾಲಿಯಾದರೆ, ಇಟ್ಟಿಯವಿರ ಸಾರ್ ಬರುತ್ತಿದ್ದಾರೆ ಎಂದು ತಿಳಿಯಬೇಕು. ಏರುದಾರಿಯಲ್ಲಿ ಮೊದಲು ಕಾಣುವುದು ಅವರ ಕೊಡೆ, ಆಮೇಲೆ ಕನ್ನಡಕ, ಕೊನೆಗೆ ಸಾರ್. ಕೊಡೆ ಕಂಡಾಗಲೇ ಎದ್ದವರು ಬಚಾವಾದರು. ಕನ್ನಡಕ ಕಾಣುವ ತನಕ ಕೂತವರು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಟೈರಿನ ಗಾಳಿಯ ಬಗ್ಗೆ ಕೇಳಬೇಕು.

ಮನೆಯಲ್ಲಿ ಕಾರಿದ್ದೂ ಸಾರ್ ನಡೆದೇ ಬರುತ್ತಾರೆ. ಇಷ್ಟು ಹತ್ತಿರಕ್ಕೆ ತಣ್ಣಗೆ ಮಲಗಿರುವ ಎಂಜಿನ್ನನ್ನು ಎಬ್ಬಿಸಿದರೆ ಅದು ಹಸಿದ ಕೂಸಿನ ಹಾಗೆ ಪೆಟ್ರೋಲ್ ಕುಡಿಯುತ್ತದೆ ಎಂಬುದು ಅವರ ಮೊದಲನೆಯ ಪಾಠ. ಎರಡನೆಯದು ಟೈರಿನ ಗಾಳಿ. ಮೂರನೆಯದು, ಬರಿಗಾಲಿನಲ್ಲಿ ಕಾರು ಓಡಿಸುವುದು. ಚಪ್ಪಲಿ ನಡುವೆ ಬಂದರೆ ಕಾಲಿಗೂ ಪೆಡಲಿಗೂ ಪರಸ್ಪರ ನಂಬಿಕೆ ಹುಟ್ಟುವುದಿಲ್ಲವಂತೆ. ನಾಲ್ಕನೆಯದು, ಹಾರ್ನ್ ಒತ್ತಬಾರದು. ಹಾರ್ನ್ ಕರೆಂಟು ತಿನ್ನುತ್ತದೆ, ಕರೆಂಟು ಪೆಟ್ರೋಲು ತಿನ್ನುತ್ತದೆ. ಈ ಪಾಠ ಒಮ್ಮೆ ರಬ್ಬರ್ ಹಾಲಿನ ಲಾರಿಯವನಿಗೆ ತಿಳಿದಿರದೆ, ಸಾರ್ ಅವರ ಎಡಗಡೆಯ ಕನ್ನಡಿ ಹೋಯಿತು. ಕನ್ನಡಿ ಹೋದದ್ದರಿಂದ ಗಾಳಿಯ ತಡೆ ಕಮ್ಮಿಯಾಯಿತು ಎಂದು ಸಾರ್ ಸಮಾಧಾನ ಮಾಡಿಕೊಂಡರು.

ಬದುಕಿಡೀ ಅವರು ನಮ್ಮ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎದುರಿಗೆ ಕೂತವರು ಗಂಟೆ ಹೊಡೆಯುವ ತನಕ ಏಳುವಂತಿಲ್ಲ ಎಂಬ ಸುಖಕ್ಕೆ ಒಗ್ಗಿಹೋದ ಜೀವ. ನಿವೃತ್ತಿಯಾದ ಮೇಲೆ ಆ ಸುಖ ಹೋಯಿತು. ಒಂದಿಡೀ ಮಳೆಗಾಲ ಸಾರ್ ಜಗುಲಿಯಲ್ಲಿ ಕೂತು ಹೆಂಡತಿಗೆ ಬೀಜಗಣಿತ ಹೇಳಿದರು. ಹೆಂಡತಿ ತ್ರೇಸ್ಯಮ್ಮ ಮೀನು ಹೆಚ್ಚುತ್ತ ಎಲ್ಲದಕ್ಕೂ "ಹೂಂ" ಎಂದರು. ಆಮೇಲೆ ಸಾರ್ ಹಳೆಯ ಬಿಳಿ ಮಾರುತಿಯೊಂದನ್ನು ಕೊಂಡರು. ಅದನ್ನು ಜಂಕ್ಷನ್ನಿಗೆ ತಂದ ಮೊದಲ ದಿನ ಯಾರೋ ಸುಮ್ಮನೆ ಬಾಯಿಮಾತಿಗೆ, "ಎಷ್ಟು ಕೊಡುತ್ತೆ ಸಾರೇ?" ಎಂದು ಕೇಳಿಬಿಟ್ಟ. ಸಾರ್ ಮನೆಗೆ ಹೋಗಿ ಯೋಚಿಸಿದರು. ಮರುದಿನ ಹತ್ತು ಗಂಟೆಗೆ ಉತ್ತರ ಹೇಳಲು ಬಂದರು. ಆ ಉತ್ತರ ಇನ್ನೂ ಮುಗಿದಿಲ್ಲ.

ಲೀಟರಿಗೆ ಇಪ್ಪತ್ತೆರಡು. ಇದು ಅವರ ಅಂಕಿ. ಊರಿನವರೆಲ್ಲ ಅವರನ್ನು ಮೈಲೇಜ್ ಸಾರ್ ಎನ್ನುತ್ತೇವೆ, ಬೆನ್ನ ಹಿಂದೆಯೂ ಎದುರಿಗೂ.

"ಇಪ್ಪತ್ತೆರಡು ಏನು, ಇಪ್ಪತ್ತೈದು ಬರ್ಬೇಕು," ಎಂದು ಬೆಂಚಿನಲ್ಲಿ ಸಿಕ್ಕಿಬಿದ್ದವರಿಗೆ ಹೇಳುವರು. "ಆ ಮೂರು ಕಿಲೋಮೀಟರ್ ಎಲ್ಲಿ ಹೋಗ್ತಿದೆ ಗೊತ್ತಾ? ನಮ್ಮನೆಯವಳ ಚಿಲ್ಲರೆ ಪರ್ಸಲ್ಲಿ."

ಇದು ನಮಗೆಲ್ಲ ಬಾಯಿಪಾಠವಾದ ದೂರು. ತಿಂಗಳಿಗೆ ಎರಡು ಸಲವಾದರೂ ಗಂಡಹೆಂಡತಿ ಘಟ್ಟ ಹತ್ತಿ, ವಾಗಮಣ್ ದಾರಿಯಲ್ಲಿರುವ ತ್ರೇಸ್ಯಮ್ಮನ ತಂಗಿಯ ಮನೆಗೆ ಹೋಗುತ್ತಾರೆ. ಆ ದಾರಿಯ ಉದ್ದಕ್ಕೂ ಕಾಣಿಕೆ ಡಬ್ಬಿಗಳು. ಪೇಟೆಯ ಕವಲಿನಲ್ಲಿ ಗಣಪತಿ, ಸೇತುವೆಯ ಮುಂಚೆ ಹಸಿರು ಬಾವುಟದ ದರ್ಗಾ, ಘಟ್ಟದ ಬುಡದಲ್ಲಿ ಅಯ್ಯಪ್ಪ, ಮೊದಲನೆಯ ತಿರುವಿನ ಶಿಲುಬೆಗುಡಿಯಲ್ಲಿ ಮೈತುಂಬ ಬಾಣ ನೆಟ್ಟುಕೊಂಡ ಸಂತ, ಸೆಬಸ್ತ್ಯಾನೋಸ್ ಪುಣ್ಯಾಳ, ಮೇಲೆ ಗವಿಯಲ್ಲಿ ಮಾತಾವು, ಅಂದರೆ ಮೇರಿ ಮಾತೆ. ವಾಪಸ್ಸು ಬರುವಾಗ ಊರಿನ ಹತ್ತಿರದ ಕೊನೆಯ ಏರಿನಲ್ಲಿ ಕುದುರೆ ಮೇಲೆ ಕೂತ ಗೀವರ್ಗೀಸ್ ಪುಣ್ಯಾಳ. ತ್ರೇಸ್ಯಮ್ಮ ಯಾರನ್ನೂ ಬಿಡುವವರಲ್ಲ.

"ನಿಂದು ಯಾವ ಜಾತಿ ಎಡೀ?" ಎಂದು ಸಾರ್ ಒಮ್ಮೆ ಹೆಂಡತಿಯನ್ನು ಕೇಳಿದ್ದರು.

"ಆ ತಿರುವಲ್ಲಿ ಡ್ಯೂಟಿ ಯಾರದ್ದೋ ಅವರಿಗೆ ಕೊಡ್ಬೇಕಪ್ಪ. ನಿಮ್ಮ ಜಾತಿ ನೋಡಿ ಲಾರಿ ಬರುತ್ತಾ?"

ಡಬ್ಬಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ತ್ರೇಸ್ಯಮ್ಮ ಪರ್ಸು ತೆಗೆದು, "ಮೆಲ್ಲಗೆ, ಇಚ್ಚಾಯಾ, ಮೆಲ್ಲಗೆ, ಪುಣ್ಯಾಳ ಬಂದ್ರು," ಎಂದು ಗಂಡನತ್ತ ಗೊಣಗಲು ಶುರುಮಾಡುವರು. ಸಾರ್ ಶಪಿಸುತ್ತ ಎಕ್ಸಲೇಟರಿನಿಂದ ಕಾಲೆತ್ತುವರು. ಕಾರು ಉಸಿರು ಬಿಟ್ಟ ಹಾಗೆ ತಾನಾಗಿ ನಿಧಾನವಾಗುವುದು. ನಾಣ್ಯ ಕಿಟಕಿಯಿಂದ ಹಾರುವುದು. ನ್ಯೂಟ್ರಲಿಗೂ ತ್ರೇಸ್ಯಮ್ಮನ ನಿಷೇಧವಿತ್ತು. ಇಳಿಜಾರಿನಲ್ಲಿ ಎಂಜಿನ್ ಗುರುಗುಟ್ಟುವುದು ಕೇಳಿಸದಿದ್ದರೆ ಅವರಿಗೆ ಜೀವ ಬಾಯಿಗೆ ಬರುತ್ತದೆ. "ಗೇರ್ ಹಾಕಿ, ಇಲ್ಲಾಂದ್ರೆ ನಾನು ಇಳೀತೀನಿ," ಎಂದು ಬಾಗಿಲಿಗೆ ಕೈ ಹಾಕಿದ ಹೆಂಗಸು ಅದು. ಘಟ್ಟದಲ್ಲಿ ಪುಕ್ಕಟೆ ಜಾರಿಕೊಂಡು ಬರುವ ಭಾಗ್ಯವೂ ಸಾರ್‌ಗೆ ತಪ್ಪಿತು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೋಳಿಯಂಗಡಿಯ ಔಸೇಪ್ಪಚ್ಚನ್ ಹೊಸ ಕೆಂಪು ಕಾರು ಕೊಂಡದ್ದರಿಂದ ಕೆಟ್ಟಿತು.

ಔಸೇಪ್ಪಚ್ಚನ್ ಮಾತಿನಲ್ಲಿ ಸಾರ್‌ಗಿಂತ ಕಮ್ಮಿಯಲ್ಲ, ಆದರೆ ಅವನ ಮಾತಿಗೆ ಕತ್ತಿ ಕುಟ್ಟುವ ಸದ್ದೂ ಸೇರುವುದರಿಂದ ಜನ ಹೆಚ್ಚು ಗಮನ ಕೊಡುತ್ತಾರೆ. ಎರ್ನಾಕುಲಂನ ವಸ್ತುಪ್ರದರ್ಶನದಿಂದ ಅವನೊಂದು ಅಯಸ್ಕಾಂತ ತಂದು ಪೆಟ್ರೋಲ್ ಪೈಪಿಗೆ ಕಟ್ಟಿದ್ದ. ಅದು ಪೆಟ್ರೋಲಿನ ಕಣಗಳನ್ನು ಸಾಲಾಗಿ ನಿಲ್ಲಿಸುತ್ತದಂತೆ. ಓಣಂ ಹತ್ತಿರ ಬರುತ್ತಿತ್ತು. ನಮ್ಮ ಆರ್ಟ್ಸ್ ಅಂಡ್ ಸ್ಪೋರ್ಟ್ಸ್ ಕ್ಲಬ್ಬು ವರ್ಷವೂ ಹಗ್ಗಜಗ್ಗಾಟ, ಮಡಕೆ ಒಡೆಯುವುದು, ನಿಧಾನ ಸೈಕಲ್ ಸ್ಪರ್ಧೆ ನಡೆಸುತ್ತದೆ. ಈ ಸಲ ಚಿಕ್ಕ ಕಾರುಗಳಿಗೆ ಮೈಲೇಜ್ ಸ್ಪರ್ಧೆ ಎಂದು ಬೋರ್ಡು ಬಿತ್ತು. ಪಂಪಿನಲ್ಲಿ ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಬೇಕು, ಘಟ್ಟದ ಮೇಲಿನ ಮಾತಾವಿನ ಗವಿ ಸುತ್ತಿ ಬರಬೇಕು, ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಬೇಕು. ಕಮ್ಮಿ ಕುಡಿದ ಕಾರು ಗೆದ್ದಂತೆ. ಆಮೆಯ ಹಾಗೆ ತೆವಳುವ ಹಾಗಿಲ್ಲ, ಓಣಂ ಊಟಕ್ಕೆ ಎಲೆ ಹಾಕುವ ಮುಂಚೆ ವಾಪಸ್ಸಾಗಬೇಕು. ಹಿಂದಿನ ಸೀಟಿನಲ್ಲಿ ಕ್ಲಬ್ಬಿನ ಒಬ್ಬ ಸಾಕ್ಷಿ.

ಬೋರ್ಡು ಬಿದ್ದ ದಿನ ಔಸೇಪ್ಪಚ್ಚನ್ ಬೆಂಚಿಗೆ ಬಂದು, ಕೊಡೆ ಕಂಡರೂ ಏಳದೆ ಕೂತ. ಊರೇ ಬೆರಗಾಯಿತು.

"ಸಾರೇ, ಒಂದು ಮಾತು. ಈ ಓಣಂಗೆ ನೀವು ಫಸ್ಟ್ ಬರ್ಲಿಲ್ಲ ಅಂದ್ರೆ, ಈ ಜಂಕ್ಷನಲ್ಲಿ ಇನ್ಮೇಲೆ ಮೈಲೇಜ್ ಅನ್ನೋ ಪದ ನಿಮ್ಮ ಬಾಯಿಂದ ಬರ್ಬಾರ್ದು. ಒಪ್ಪಿಗೆನಾ?"

"ಬಂದ್ರೆ?"

"ಬಂದ್ರೆ ನಾನು ಇದೇ ಬೆಂಚಲ್ಲಿ ಕೂತು, ಒಂದು ಗಂಟೆ, ಪೂರ್ತಿ ಒಂದು ಗಂಟೆ, ಎದ್ದು ಹೋಗ್ದೆ ಕೇಳ್ತೀನಿ."

ಪರೀದಿಕ್ಕ ಚಹಾ ಎತ್ತಿ ಸುರಿಯುತ್ತಿದ್ದವನು ಹಾಗೇ ನಿಂತ. "ಔಸೇಪ್ಪಚ್ಚಾ, ಯೋಚ್ನೆ ಮಾಡಿ ಹೇಳು. ಹೆಂಡ್ತಿ ಮಕ್ಕಳಿದಾರೆ ನಿಂಗೆ."

ಸಾರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಒಪ್ಪಿಗೆ," ಎಂದರು. ದನಿ ಗಟ್ಟಿಯಾಗಿತ್ತು. ಆದರೆ ಅಂದು ಮೊದಲ ಸಲ ಚಹಾವನ್ನು ಅರ್ಧದಲ್ಲೇ ಬಿಟ್ಟು ಎದ್ದರು. ಆ ಪದವೊಂದು ಹೋದರೆ ಸಾರ್‌ಗೆ ಹತ್ತು ಗಂಟೆಗೆ ಮನೆಯಿಂದ ಹೊರಡಲು ಕಾರಣವೇ ಇರುವುದಿಲ್ಲ.

ಸಿದ್ಧತೆ ಶುರುವಾಯಿತು. ಸಾರ್ ಕಾರಿನಿಂದ ಮೊದಲು ಸ್ಟೆಪ್ನಿ ಇಳಿಸಿದರು, ಆಮೇಲೆ ಜಾಕಿ, ಆಮೇಲೆ ನೆಲದ ಮ್ಯಾಟು, ಸೀಟಿನ ಕವರು, ಕೊನೆಗೆ ಡಿಕ್ಕಿಯಲ್ಲಿ ಯಾವಾಗಿನಿಂದಲೋ ಇದ್ದ ಅರ್ಧ ತೆಂಗಿನಕಾಯಿ. ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಜೋಡಿಸಿ ನೋಡಿದರು. ಇನ್ನೂ ಒಂದು ಭಾರ ಉಳಿದಿತ್ತು. ಅದು ಸೀರೆಯುಟ್ಟು, ತಂಗಿಯ ಮನೆಗೆಂದು ಮೀನುಸಾರಿನ ಮಡಕೆ ಹಿಡಿದು, ಬಾಗಿಲು ತೆಗೆದು ಕೂರಲು ಬರುತ್ತಿತ್ತು.

"ಎಡೀ, ನೀನು ಬೇಡ."

"ಯಾಕೆ?"

"ನೀನು, ಕೊಡೆ, ಪರ್ಸು, ಮಡಕೆ. ಎಲ್ಲಾ ಸೇರಿ ಎಪ್ಪತ್ತೈದು ಕಿಲೋ. ಲೆಕ್ಕ ಹಾಕಿದೀನಿ."

ತ್ರೇಸ್ಯಮ್ಮ ಮಡಕೆಯನ್ನು ಸ್ಟೆಪ್ನಿಯ ಪಕ್ಕದಲ್ಲಿ ಇಟ್ಟರು. "ಇಷ್ಟು ವರ್ಷ ಯಾರು ಯಾರನ್ನ ಹೊತ್ತಿದ್ದು ಅಂತ ಆ ಲೆಕ್ಕಾನೂ ಒಂದ್ಸಲ ಹಾಕಿ, ಇಚ್ಚಾಯಾ," ಎಂದು ಒಳಗೆ ಹೋದರು. ಅಂಗಳದಲ್ಲಿ ಮೀನುಸಾರಿನ ಸುತ್ತ ಬೆಕ್ಕು ತಿರುಗತೊಡಗಿತು.

ಸಾರ್ ಹಗುರವಾದ ಕಾರನ್ನು, ಹಗುರವಾದ ಮನಸ್ಸಿನಿಂದ ಘಟ್ಟಕ್ಕೆ ಓಡಿಸಿದರು. ಮೆಲ್ಲಗೆ ಎನ್ನುವವರಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ, ಕಾರು ಗಾಳಿಪಟದ ಹಾಗೆ ಜಾರುವಾಗ ಲೆಕ್ಕದ ಮೇಷ್ಟ್ರು ಸಣ್ಣಗೆ ಸಿಳ್ಳೆ ಹಾಕಿದರಂತೆ. ವಾಪಸ್ಸು ಬಂದು ಪೆಟ್ರೋಲ್ ತುಂಬಿಸಿ ಭಾಗಾಕಾರ ಮಾಡಿದರು. ಸಿಳ್ಳೆ ನಿಂತಿತು. ಹದಿನೆಂಟು.

ಮೊದಲು ಪೆಟ್ರೋಲಿಗೆ ಬೈದರು. ಪಂಪಿನ ಓಮನ ಮುಖ ಕೆಂಪು ಮಾಡಿಕೊಂಡಳು. ಎರಡನೆಯ ಸಲವೂ ಹದಿನೆಂಟೇ ಬಂದಾಗ ಗಾಳಿಗೆ ಬೈದರು. ಮೂರನೆಯ ಸಲಕ್ಕೆ ಮೆಕ್ಯಾನಿಕ್ ದಿವಾಕರನ್‌ನ ಸರದಿ.

"ನಂಗ್ಯಾಕೆ ಬೈತೀರ ಸಾರೇ? ಪ್ಲಗ್ಗು ಸರಿ ಇದೆ, ಏರ್ ಫಿಲ್ಟರ್ ಹೊಸದು, ಬ್ರೇಕ್ ಹಿಡ್ಕೊಂಡಿಲ್ಲ. ನ್ಯೂಟ್ರಲ್ ಹಾಕಿದ್ರಾ?"

"ಹಾಕ್ದೆ. ಉಳಿತಾಯ."

"ಇದು ಹಳೇ ಅಂಬಾಸಿಡರ್ ಅಲ್ಲ. ಈ ಎಂಜಿನ್ ಗೇರಲ್ಲಿ ಇಳೀವಾಗ ಕಾಲು ತೆಗೆದ್ರೆ ಪೆಟ್ರೋಲೇ ಕೇಳಲ್ಲ, ಚಕ್ರಾನೇ ಅದನ್ನ ತಿರುಗಿಸ್ತಿರುತ್ತೆ. ನ್ಯೂಟ್ರಲಲ್ಲಿ ನಿಂತ ಉಸಿರಿಗೇ ಕುಡೀತಾ ಇರುತ್ತೆ."

"ಒಂಬತ್ತನೇ ಕ್ಲಾಸಲ್ಲಿ ಲೆಕ್ಕದಲ್ಲಿ ನಿಂಗೆಷ್ಟು ಬಂದಿತ್ತು ದಿವಾಕರಾ?"

"ಹನ್ನೊಂದು."

"ಗೊತ್ತಾಯ್ತಲ್ಲ."

ಆದರೂ ಸಾರ್ ಮುಂದಿನ ಸಲ ಯಾರಿಗೂ ಹೇಳದೆ ಗೇರಿನಲ್ಲೇ ಇಳಿದರು. ಹತ್ತೊಂಬತ್ತು ದಾಟಿತು. ಇಪ್ಪತ್ತೆರಡು ಇನ್ನೂ ದೂರವೇ. ಓಣಂಗೆ ಮನೆ ಮುಂದೆ ಹೂವಿನ ರಂಗೋಲಿ ಶುರುವಾಗಿತ್ತು. ಔಸೇಪ್ಪಚ್ಚನ್ ಕೋಳಿ ಕೊಯ್ಯುತ್ತ, "ಸಾರ್ ಇನ್ಮೇಲೆ ಹವಾಮಾನದ ಬಗ್ಗೆ ಮಾತಾಡ್ಬಹುದು, ಅದಕ್ಕೆ ತಡೆ ಇಲ್ಲ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

ಆಗ ಸಾರ್ ತಮ್ಮ ಹಳೆಯ ಕಸುಬಿಗೆ ಮರಳಿದರು. ಮೊದಲು ಇಪ್ಪತ್ತೆರಡು ಬರುತ್ತಿತ್ತು, ಈಗ ಬರುತ್ತಿಲ್ಲ. ಕಾರು ಅದೇ, ದಾರಿ ಅದೇ. ಕಳೆದದ್ದು ಏನು? ಎಪ್ಪತ್ತೈದು ಕಿಲೋ. ಹಾಗಾದರೆ ಘಟ್ಟದ ದಾರಿಯಲ್ಲಿ ಮುಂದಿನ ಸೀಟಿಗೆ ಎಪ್ಪತ್ತೈದು ಕಿಲೋ ಭಾರ ಬೇಕೇ ಬೇಕು, ಚಕ್ರಕ್ಕೆ ಹಿಡಿತ ಬರುತ್ತದೆ. ಸಾಧಿಸಬೇಕಾದದ್ದು ಇದೇ.

ಮರುದಿನ ಬೆಳಿಗ್ಗೆ ಜಂಕ್ಷನ್ನಿನಲ್ಲಿದ್ದವರೆಲ್ಲ ನೋಡಿದರು. ಬಿಳಿ ಮಾರುತಿ ಹೋಯಿತು. ಸ್ಟೀರಿಂಗಿನಲ್ಲಿ ಸಾರ್. ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿದುಕೊಂಡು, ಎಪ್ಪತ್ತೈದು ಕಿಲೋ ಕುಸುಬಲಕ್ಕಿಯ ಮೂಟೆ.

ಪರೀದಿಕ್ಕ ಸೌಟು ಕೆಳಗಿಟ್ಟ. "ತ್ರೇಸ್ಯಮ್ಮ ಚೇಟತ್ತಿ ಸ್ವಲ್ಪ ದಪ್ಪ ಆಗಿದಾರಾ?"

ಎದುರಿನ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುತ್ತಿದ್ದ ತ್ರೇಸ್ಯಮ್ಮ ತಲೆಯೆತ್ತಿದರು. ತಮ್ಮ ಸೀಟು ಕಂಡಿತು. ಅದರಲ್ಲಿ ಕೂತದ್ದು ಕಂಡಿತು. ಬೆಂಡೆಕಾಯಿ ತಗೊಳ್ಳದೆ ಮನೆಗೆ ಹೋದರು.

ಮೂಟೆಯಿಂದ ಲಾಭವಾಗಲಿಲ್ಲ. ಆದರೆ ವಿಷಯ ತಿಳಿದದ್ದು ಅದರಿಂದಲೇ. ಘಟ್ಟದ ಮೊದಲನೆಯ ತಿರುವಿಗೆ ಸಾರ್ ಈಚಿನ ದಿನಗಳ ಹಾಗೆ ಜೋರಾಗಿ ಬಂದರು, ಎದುರಿಗೆ ಬಸ್ಸಿನ ಮೂತಿ ಕಂಡಿತು, ಬರಿಗಾಲಿನಲ್ಲಿ ಬ್ರೇಕನ್ನು ಒತ್ತಿದರು. ಅಕ್ಕಿಮೂಟೆ ಬೆಲ್ಟಿನ ಕೆಳಗಿನಿಂದ ಜಾರಿ, ಗೇರಿನ ಕೋಲಿಗೆ ಸಿಕ್ಕಿ, ಬಿರಿಯಿತು. ಸರಸರ ಎಂದು ಅಕ್ಕಿ ಸುರಿಯತೊಡಗಿತು. ಪೆಡಲುಗಳು ಮುಳುಗಿದವು. ಸಾರ್ ಕಣಕಾಲಿನವರೆಗೆ ಅಕ್ಕಿಯಲ್ಲಿ ನಿಂತ ಹಾಗೆ ಕೂತಿದ್ದರು. ಕಾರು ಸರಿಯಾಗಿ ಸೆಬಸ್ತ್ಯಾನೋಸ್ ಪುಣ್ಯಾಳರ ಎದುರಿಗೇ ನಿಂತಿತ್ತು. ಪುಣ್ಯಾಳರು ಬಾಣಗಳ ನಡುವಿನಿಂದ ಅವರನ್ನೇ ನೋಡುತ್ತಿದ್ದರು.

ತ್ರೇಸ್ಯಮ್ಮ ಇದ್ದಿದ್ದರೆ ಹಿಂದಿನ ಹಲಸಿನ ಮರದ ಹತ್ತಿರವೇ ಪರ್ಸು ತೆಗೆಯುತ್ತಿದ್ದರು. ಅಲ್ಲೇ ನಾನು ಕಾಲೆತ್ತುತ್ತಿದ್ದೆ, ಎಂದುಕೊಂಡರು ಸಾರ್. ಬ್ರೇಕೇ ಬೇಕಾಗುತ್ತಿರಲಿಲ್ಲ. ಬ್ರೇಕಿನಲ್ಲಿ ಸುಟ್ಟುಹೋದದ್ದೆಲ್ಲ ಹಲಸಿನ ಮರದಿಂದ ಇಲ್ಲಿಯವರೆಗೆ ಎಕ್ಸಲೇಟರ್ ತುಳಿದು ಸುರಿದ ಪೆಟ್ರೋಲೇ ಅಲ್ಲವೇ. ಮತ್ತೆ ವೇಗ ಹಿಡಿಯಲು ಇನ್ನಷ್ಟು. ಗಣಪತಿ ಎಲ್ಲಿದ್ದಾನೆ? ಕವಲಿನಲ್ಲಿ. ದರ್ಗಾ? ಸೇತುವೆ ಸಣ್ಣದಾಗುವ ಮುಂಚೆ. ಅಯ್ಯಪ್ಪ? ಏರು ಶುರುವಾಗುವಲ್ಲಿ. ನೇರ ರಸ್ತೆಯಲ್ಲಿ ಒಬ್ಬ ದೇವರೂ ಇಲ್ಲ. ಜನ ಎಲ್ಲಿ ಹೆದರಿದರೋ ಅಲ್ಲೇ ಡಬ್ಬಿ ಇಟ್ಟಿದ್ದಾರೆ. ಕಾಲೆತ್ತಬೇಕಾದಲ್ಲೆಲ್ಲ ಒಂದು ಡಬ್ಬಿ, ಅದಕ್ಕೂ ನೂರು ಮಾರು ಮುಂಚೆ ಒಂದು "ಮೆಲ್ಲಗೆ, ಇಚ್ಚಾಯಾ."

ಅಕ್ಕಿಮೂಟೆ ಆ ಮಾತು ಹೇಳಿರಲಿಲ್ಲ.

ಬಸ್ಸಿನ ಕಂಡಕ್ಟರು ಇಳಿದು ಬಂದು ಒಳಗೆ ಬಗ್ಗಿ ನೋಡಿದ. "ಸಾರೇ, ರೇಷನ್ ಅಂಗಡಿ ಇಟ್ಟಿದೀರಾ?"

ಪೆಡಲಿನ ಸುತ್ತಲಿನ ಅಕ್ಕಿಯನ್ನು ಬದಿಗೆ ತಳ್ಳಿ ಸಾರ್ ಮನೆಗೆ ಬಂದಾಗ ತ್ರೇಸ್ಯಮ್ಮ ಮೊರದಲ್ಲಿ ಅವಲಕ್ಕಿ ಕೇರುತ್ತಿದ್ದರು. ಸಾರ್‌ಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಬೋರ್ಡಿನ ಮುಂದೆ ನಿಂತ ಹಾಗೆ ನಿಂತು, ಹಲಸಿನ ಮರದಿಂದ ಪುಣ್ಯಾಳರವರೆಗಿನ ಪ್ರಮೇಯವನ್ನು ಹಂತ ಹಂತವಾಗಿ ಸಾಧಿಸಿ, ಕೊನೆಗೆ, "ಆದ್ದರಿಂದ ನೀನು ಬರ್ಬೇಕು," ಎಂದು ಮುಗಿಸಿದರು.

"ಅಕ್ಕಿ ಕರ್ಕೊಂಡು ಹೋಗಿ."

"ಅಕ್ಕಿ ಚೆಲ್ಲಿಹೋಯ್ತು ಎಡೀ."

"ಅಯ್ಯೋ ಪಾಪ. ಗೋಧಿ ಇದೆ ಒಳಗೆ."

ಮೂರು ದಿನ ಸಾರ್ ಗೋಧಿಯಂತಹ ಮಾತುಗಳನ್ನು ಕೇಳಿದರು. ನಾಲ್ಕನೆಯ ದಿನ ತಾವೇ ಕೂತು ಕಾರಿನೊಳಗಿನ ಅಕ್ಕಿಯನ್ನು ಒಂದೊಂದು ಹಿಡಿಯಾಗಿ ಬಾಚಿ, ಕಲ್ಲು ಆರಿಸಿ, ಡಬ್ಬಕ್ಕೆ ತುಂಬಿ ಅಡುಗೆಮನೆಯಲ್ಲಿಟ್ಟರು. ಅದನ್ನು ನೋಡಿ ತ್ರೇಸ್ಯಮ್ಮ ಸ್ವಲ್ಪ ಇಳಿದರು.

"ಬರ್ತೀನಿ. ಆದ್ರೆ ಚಿಲ್ಲರೆ ನಿಮ್ಮದು. ನಾನು ಹೇಳಿದ ಕಡೆ ಕಾಲೆತ್ಬೇಕು. ಇನ್ನು ಪರೀದಿಕ್ಕನ ಅಂಗಡೀಲಿ ನನ್ನ ಪರ್ಸಿನ ವಿಷ್ಯ ಎತ್ಬಾರ್ದು."

"ಎತ್ತಲ್ಲ."

"ಹೆಸರೆತ್ತಿದ್ರೂ ಒಳ್ಳೇ ಮಾತಿಗೆ ಮಾತ್ರ."

ಓಣಂ ದಿನ ಬಿಸಿಲು ಹೊಸ ಬಟ್ಟೆಯ ಹಾಗಿತ್ತು. ಮೈದಾನದಲ್ಲಿ ಚೆಂಡೆ, ಪಂಪಿನಲ್ಲಿ ಜಾತ್ರೆ. ಓಮನ ಒಂದೊಂದು ಕಾರಿಗೂ ಕುತ್ತಿಗೆಯವರೆಗೆ ತುಂಬಿಸಿದಳು. ಸಾರ್ ಕಾರಿನ ಸಾಕ್ಷಿಯಾಗಿ ದಿವಾಕರನ್ ಬಾಳೆಕಾಯಿ ಚಿಪ್ಸಿನ ಪೊಟ್ಟಣದೊಂದಿಗೆ ಹಿಂದೆ ಕೂತ. ತ್ರೇಸ್ಯಮ್ಮ ಜರಿಯಂಚಿನ ಬಿಳಿ ಸೀರೆಯುಟ್ಟು, ಕೊಡೆ, ಪರ್ಸು, ತೊಡೆಯ ಮೇಲೊಂದು ಕಾಗದದ ಸುರುಳಿಯೊಂದಿಗೆ ಮುಂದೆ ಕೂತರು.

ಔಸೇಪ್ಪಚ್ಚನ್ ತನ್ನ ಕೆಂಪು ಕಾರಿನಿಂದ ಕೂಗಿದ, "ಸಾರೇ, ಇಷ್ಟೊಂದು ಭಾರ ಯಾಕೆ? ಅಕ್ಕಿ ಹಗುರ ಇತ್ತಲ್ಲ."

"ನಿನ್ನ ಕೋಳಿ ತಕ್ಕಡಿಗಿಂತ ಸರಿಯಾಗಿದೀನಿ ಬಿಡು," ಎಂದರು ತ್ರೇಸ್ಯಮ್ಮ. ಪಂಪಿನಲ್ಲಿ ನಗೆ ಎದ್ದಿತು. ಔಸೇಪ್ಪಚ್ಚನ್ ಗಾಜು ಏರಿಸಿಕೊಂಡ.

ಒಂದೊಂದಾಗಿ ಬಿಟ್ಟರು. ಸಾರ್ ಮುಂದೆ, ಅವರ ಹಿಂದಿನ ಸರದಿ ಔಸೇಪ್ಪಚ್ಚನ್‌ದು. ಆ ಓಟವನ್ನು ದಿವಾಕರನ್ ಹೇಳಬೇಕು, ಈಗಲೂ ಕೈಯಲ್ಲಿ ಚಿಪ್ಸ್ ಇದೆಯೇನೋ ಎಂಬಂತೆ ಬೆರಳು ಆಡಿಸುತ್ತ ಹೇಳುತ್ತಾನೆ. ಗಣಪತಿಗೆ ನಾಣ್ಯ ಬಿತ್ತು, ಕಾರು ಕವಲನ್ನು ಬೆಣ್ಣೆಯ ಹಾಗೆ ದಾಟಿತು. ದರ್ಗಾಕ್ಕೆ ಬಿತ್ತು, ಎದುರಿನ ಜೀಪು ಸೇತುವೆ ಇಳಿಯುವಷ್ಟರಲ್ಲಿ ಇವರು ನಿಲ್ಲದೆಯೇ ಹತ್ತಿದರು. ಏರಿನಲ್ಲಿ ಸಾರ್ ಎಂಜಿನ್ನನ್ನು ಕಿರುಚಿಸಲೂ ಇಲ್ಲ, ಏದುಸಿರು ಬಿಡಿಸಲೂ ಇಲ್ಲ. ಸರಿಯಾದ ಹೊತ್ತಿಗೆ ಗೇರು ಬದಲಿಸುತ್ತ, ಬಾಟಲಿಯಿಂದ ಎಣ್ಣೆ ಸುರಿಯುವವರ ಹಾಗೆ ಕಾಲಿಟ್ಟರು. ಗವಿಯ ಮಾತಾವಿಗೆ ಎರಡು ನಾಣ್ಯ. ಇಳಿಯುವಾಗ ಗೇರಿನಲ್ಲಿ ಎಂಜಿನ್ ಗುರ್ರೆನ್ನುತ್ತ ತಾನೇ ಕಾರನ್ನು ಹಿಡಿದುಕೊಂಡಿತು. "ಈಗ ಒಂದು ತೊಟ್ಟೂ ಕುಡೀತಿಲ್ಲ," ಎಂದ ದಿವಾಕರನ್. ಒಂಬತ್ತನೇ ಕ್ಲಾಸಿನ ಹನ್ನೊಂದು ಅಂಕವನ್ನು ಸಾರ್ ನೆನಪಿಸಲಿಲ್ಲ. ಬ್ರೇಕಿನ ಪೆಡಲಿಗೆ ಸಾರ್ ಅವರ ಬರಿಗಾಲು ತಗುಲಿದ್ದು ಎಲ್ಲೋ ಒಂದೆರಡು ಸಲ.

ಕೊನೆಯ ಏರಿಗೆ ಇನ್ನೂ ಸ್ವಲ್ಪ ದೂರವಿತ್ತು. ಕನ್ನಡಿಯಲ್ಲಿ ಕೆಂಪು ಚುಕ್ಕೆಯೊಂದು ದೊಡ್ಡದಾಗುತ್ತ ಬಂತು. ಔಸೇಪ್ಪಚ್ಚನ್. ಆಗ ತ್ರೇಸ್ಯಮ್ಮ ಮಡಿಲಿನ ಕಾಗದ ಬಿಚ್ಚಿದರು. ಒಳಗೊಂದು ಮೇಣದಬತ್ತಿ.

"ಇಚ್ಚಾಯಾ, ಗೀವರ್ಗೀಸ್ ಪುಣ್ಯಾಳರ ಹತ್ರ ನಿಲ್ಲಿಸ್ಬೇಕು. ಹರಕೆ ಇದೆ."

ಸಾರ್ ಕನ್ನಡಿಯ ಕೆಂಪು ಚುಕ್ಕೆಯನ್ನು ಇನ್ನೊಮ್ಮೆ ನೋಡಿದರು. "ನಿಲ್ಸೋದಾ? ಏರಲ್ಲಾ? ಎಡೀ, ನಿಲ್ಸಿ ಏರಲ್ಲಿ ಮತ್ತೆ ಎತ್ತಿದ್ರೆ ಇಷ್ಟು ಹೊತ್ತು ಉಳಿಸಿದ್ದೆಲ್ಲಾ ಹೋಗುತ್ತೆ. ನಾಳೆ ಹಚ್ಚು. ಹತ್ತು ಹಚ್ಚು."

"ಇವತ್ತು ವಾಪಸ್ ಬರೋವಾಗ ಅಂತ ಹೇಳ್ಕೊಂಡಿದೀನಿ."

"ಏನಂತ ಹೇಳ್ಕೊಂಡೆ?"

"ನಿಮ್ಮ ಬಾಯಿ ನಿಲ್ಬಾರ್ದು ಅಂತ." ತ್ರೇಸ್ಯಮ್ಮ ರಸ್ತೆಯನ್ನೇ ನೋಡುತ್ತಿದ್ದರು. "ಆ ಬೆಂಚಲ್ಲಿ ನಿಂತುಹೋದ್ರೆ ಅದು ಮನೇಲಿ ಶುರುವಾಗುತ್ತೆ. ಬೀಜಗಣಿತ ನಾನು ಇನ್ನೊಂದ್ಸಲ ತಡ್ಕೊಳ್ಳಲ್ಲ."

ಏರು ಬಂತು. ಗುಡಿ ಏರಿನ ನಡುವೆ. ಸಾರ್ ಏನೋ ಗೊಣಗಿದರು, ಪ್ರಾರ್ಥನೆಯೋ ಭಾಗಾಕಾರವೋ. ಆಮೇಲೆ ಕಾಲೆತ್ತಿದರು. ಇಳಿಜಾರಿನಿಂದ ಬಂದ ಓಟಕ್ಕೇ ಕಾರು ಏರತೊಡಗಿತು, ನಿಧಾನವಾಗುತ್ತ, ಗುಡಿಯನ್ನು ದಾಟಿ, ಇನ್ನೇನು ನಿಂತೇಬಿಡುತ್ತದೆ ಎನ್ನುವಷ್ಟರಲ್ಲಿ ನೆತ್ತಿಯ ಸಮತಟ್ಟಿಗೆ ಮೂತಿ ಇಟ್ಟು, ತಾನಾಗಿ ನಿಂತಿತು. ಸಾರ್ ಎಂಜಿನ್ ಆರಿಸಿದರು. ಮುಂದೆ ಪಂಪಿನವರೆಗೂ ಇಳಿಜಾರು.

"ಓಡು," ಎಂದರು. "ಕೊಡೆ ಬಿಟ್ಟು ಓಡು."

ತ್ರೇಸ್ಯಮ್ಮ ಓಡಲಿಲ್ಲ. ಹರಕೆಗೆ ಓಡುವ ಪದ್ಧತಿ ಇಲ್ಲ. ಏರಿನಲ್ಲಿ ಕೆಳಗೆ ನಡೆದು, ಬತ್ತಿ ಹಚ್ಚಿ, ಗಾಳಿಗೆ ಆರಿತೆಂದು ಮತ್ತೆ ಹಚ್ಚಿದರು. ಅಷ್ಟರಲ್ಲಿ ಕೆಂಪು ಕಾರು ಏರಿಗೆ ನುಗ್ಗಿಬಂತು. ಕಿರಿದಾದ ರಸ್ತೆಯ ನಡುವೆ, ಉರಿಯುವ ಮೇಣದಬತ್ತಿಗೆ ಸೆರಗು ಅಡ್ಡ ಹಿಡಿದು ನಿಂತ ಹೆಂಗಸು. ಔಸೇಪ್ಪಚ್ಚನ್ ಬ್ರೇಕ್ ಒತ್ತಿದ. ಟೈರು ಅಳುವುದು ಜಂಕ್ಷನ್ನಿನವರೆಗೂ ಕೇಳಿಸಿತು.

"ಚೇಟತ್ತೀ, ರಸ್ತೆ ಬಿಡಿ."

"ತಾಳು ಮಗನೇ, ಪುಣ್ಯಾಳರು ಎಲ್ಲೂ ಓಡಿಹೋಗಲ್ಲ."

ಏರಿನ ನಡುವೆ ನಿಂತ ಕಾರನ್ನು ಎತ್ತುವುದು ಎಂದರೇನೆಂದು ಔಸೇಪ್ಪಚ್ಚನ್‌ಗೆ ಆಗ ತಿಳಿಯಿತು. ಒಮ್ಮೆ ಹಿಂದಕ್ಕೆ ಜಾರಿದ, ಒಮ್ಮೆ ಎಂಜಿನ್ ಆರಿತು, ಮೂರನೆಯ ಸಲ ಎಕ್ಸಲೇಟರನ್ನು ನೆಲಕ್ಕೆ ಒತ್ತಿ, ಕ್ಲಚ್ಚು ಸುಟ್ಟ ವಾಸನೆಯನ್ನು ಪುಣ್ಯಾಳರಿಗೆ ಧೂಪವಾಗಿ ಬಿಟ್ಟು, ಕಿರುಚುತ್ತ ಹತ್ತಿದ. ಪೈಪಿನ ಅಯಸ್ಕಾಂತ ಸಾಲಾಗಿ ನಿಲ್ಲಿಸಿದ ಕಣಗಳೆಲ್ಲ ಸಾಲು ಮುರಿದು ಓಡಿರಬೇಕು. ನಿಂತ ಮಾರುತಿಯನ್ನು ದಾಟುವಾಗ ಕೈ ಬೀಸಲು ಮಾತ್ರ ಮರೆಯಲಿಲ್ಲ.

ಪಂಪಿನಲ್ಲಿ ಮೊದಲು ಕೆಂಪು ಕಾರಿಗೆ ತುಂಬಿಸಿದರು. ಜನ ಮೀಟರಿನ ಸುತ್ತ ಮುತ್ತಿಗೆ ಹಾಕಿದ್ದರು. ಅದುವರೆಗೆ ಬಂದ ಕಾರುಗಳೆಲ್ಲ ಎರಡು ಲೀಟರ್ ದಾಟಿದ್ದವು. ಕೆಂಪು ಕಾರು ಒಂದು ಪಾಯಿಂಟ್ ತೊಂಬತ್ತಾರಕ್ಕೆ ನಿಂತಿತು. ಕೂಗು ಎದ್ದಿತು. ಔಸೇಪ್ಪಚ್ಚನ್ ಲುಂಗಿಯನ್ನು ಮೇಲಕ್ಕೆ ಕಟ್ಟಿದ.

ಬಿಳಿ ಮಾರುತಿ ಗೇರಿನಲ್ಲೇ ಮೆಲ್ಲಗೆ ಇಳಿದುಬಂದು ನಿಂತಿತು. ಓಮನ ನಳಿಕೆ ಇಟ್ಟಳು. ಅಂಕಿಗಳು ಓಡಿದವು. ಒಂದೂವರೆ. ಎಂಬತ್ತು. ಎಂಬತ್ತೈದು. ಜನರೆಲ್ಲ ಜೋರಾಗಿ ಓದತೊಡಗಿದರು, ಸಾರ್ ಒಬ್ಬರು ಮಾತ್ರ ಕಣ್ಣು ಮುಚ್ಚಿದ್ದರು. ಎಂಬತ್ತೆಂಟು. ತೊಂಬತ್ತು. ನಿಂತಿತು.

"ಅಲ್ಲಾಡಿಸಿ," ಎಂದ ಔಸೇಪ್ಪಚ್ಚನ್. "ಒಳಗೆ ಗಾಳಿ ಕೂತಿದೆ. ಕಾರು ಅಲ್ಲಾಡಿಸಿ."

ನಾಲ್ಕು ಜನ ಸೇರಿ ಮಾರುತಿಯನ್ನು ತೊಟ್ಟಿಲಿನ ಹಾಗೆ ತೂಗಿದರು. ಗುಳುಕ್ ಎಂದಿತು. ಓಮನ ತೊಟ್ಟು ತೊಟ್ಟಾಗಿ ಬಿಟ್ಟಳು. ತೊಂಬತ್ತೊಂದು. ಮತ್ತೆ ತೂಗಿದರು. ತೊಂಬತ್ತೆರಡು. ಔಸೇಪ್ಪಚ್ಚನ್ ತಾನೇ ಬಂಪರು ಹಿಡಿದು ಹಾರಿ ಹಾರಿ ಒತ್ತಿದ. ತೊಂಬತ್ತಮೂರು, ಮತ್ತೆ ಕುತ್ತಿಗೆಯಿಂದ ಪೆಟ್ರೋಲು ಉಕ್ಕಿ ಅವನ ಲುಂಗಿಯ ಮೇಲೆಯೇ ಬಿತ್ತು.

"ಇನ್ನು ಕುಡಿಯಲ್ಲ," ಎಂದಳು ಓಮನ. "ತೊಂಬತ್ತಮೂರು."

ಆಮೇಲಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ದಿವಾಕರನ್ ಸಾರ್ ಅವರನ್ನು ಎತ್ತಿಕೊಂಡಿದ್ದ, ಚೆಂಡೆಯವರು ಪಂಪಿಗೇ ಬಂದು ಬಾರಿಸಿದರು, ಸಾರ್ ಅವರ ಕನ್ನಡಕ ಕೈಯಿಂದ ಕೈಗೆ ಹೋಗಿ ಕೊನೆಗೆ ಪರೀದಿಕ್ಕನ ಮೂಗಿನ ಮೇಲೆ ಸಿಕ್ಕಿತು. ಮೈದಾನದ ವೇದಿಕೆಯಲ್ಲಿ ಕ್ಲಬ್ಬಿನವರು ಮೈಕು ಕೊಟ್ಟು, "ಸಾರೇ, ಎರಡು ಮಾತು," ಎಂದರು. ಸಾರ್ ಗಂಟಲು ಸರಿಮಾಡಿಕೊಂಡು, "ಮೊದಲನೆಯದಾಗಿ ಟೈರಿನ ಗಾಳಿ," ಎಂದು ಶುರುಮಾಡಿದರು. ಆ ಹೊತ್ತಿಗೇ ಓಣಂ ಊಟದ ಎಲೆ ಹಾಕಿದರು. ಮೈದಾನ ಖಾಲಿಯಾಯಿತು. ಸೀರೆಗೆ ಮೇಣ ಮೆತ್ತಿಕೊಂಡಿದ್ದ ಒಬ್ಬರು ಮಾತ್ರ ಕೆಳಗೆ ನಿಂತಿದ್ದರು.

"ಪಾಯಸ ಖಾಲಿಯಾಗುತ್ತೆ, ಬನ್ನಿ," ಎಂದರು.

ಪಣದ ಪ್ರಕಾರ ಔಸೇಪ್ಪಚ್ಚನ್ ಬೆಂಚಿನಲ್ಲಿ ಕೂತ. ಕೊಡೆ ಕಂಡಿತು, ಕನ್ನಡಕ ಕಂಡಿತು, ಅವನು ಏಳಲಿಲ್ಲ. ಸಾರ್ ತಣ್ಣನೆಯ ಎಂಜಿನ್ನಿನಿಂದ ಆರಂಭಿಸಿ ಗಾಳಿ, ಗೇರು, ಬರಿಗಾಲು ಎಲ್ಲವನ್ನೂ ದಾಟಿ ಹಲಸಿನ ಮರದ ಹತ್ತಿರ ಬರುವಷ್ಟರಲ್ಲಿ ಗಂಟೆ ಮುಗಿದಿತ್ತು.

ಔಸೇಪ್ಪಚ್ಚನ್ ಎದ್ದ. ಎರಡು ಹೆಜ್ಜೆ ಹಾಕಿ ನಿಂತ. ತಿರುಗಿ ಬಂದು ಕೂತ.

"ಹಲಸಿನ ಮರದ ಹತ್ರ ಏನಾಯ್ತು, ಅದು ಹೇಳಿ ಸಾರೇ."

ಸಾರ್ ಹೇಳಿದರು. ಒಳ್ಳೆಯ ಮಾತಿಗೆ ಮಾತ್ರ ಹೆಸರೆತ್ತಿ ಹೇಳಿದರು. ಆಮೇಲೆ ಎದ್ದು, ಪರೀದಿಕ್ಕನ ಗಲ್ಲಾದ ಮುಂದೆ ನಿಂತು, ಸ್ವಲ್ಪ ಕೆಮ್ಮಿ, ನೋಟೊಂದನ್ನು ಚಾಚಿದರು. "ಚಿಲ್ಲರೆ ಇದೆಯಾ?"

ಈಗ ನಮ್ಮ ಜಂಕ್ಷನ್ನಿನಲ್ಲಿ ಚಿಲ್ಲರೆ ಸಿಗುವುದಿಲ್ಲ. ಟ್ಯಾಕ್ಸಿಯವರು ಬೆಳಿಗ್ಗೆಯೇ ಬಾಚಿಕೊಂಡು ಹೋಗುತ್ತಾರೆ, ಉಳಿದದ್ದನ್ನು ಔಸೇಪ್ಪಚ್ಚನ್ ಕೋಳಿಯಂಗಡಿಗೆಂದು ಹೇಳಿ ಒಯ್ಯುತ್ತಾನೆ. ಕಾಣಿಕೆ ಡಬ್ಬಿಗಳು ಬೇಗ ಬೇಗ ತುಂಬುತ್ತಿವೆ. ಕಳೆದ ಭಾನುವಾರ ನಮ್ಮ ಪಾದ್ರಿಗಳು ಪ್ರಸಂಗದಲ್ಲಿ, ಊರಿನ ಗಂಡಸರಲ್ಲಿ, ಅದರಲ್ಲೂ ವಾಹನ ಓಡಿಸುವವರಲ್ಲಿ, ಹಠಾತ್ತನೆ ಹೆಚ್ಚಿರುವ ದೈವಭಕ್ತಿಯನ್ನು ಮನಸಾರೆ ಕೊಂಡಾಡಿದರು. ಹೆಂಗಸರ ಸಾಲಿನಿಂದ ತ್ರೇಸ್ಯಮ್ಮ ತಿರುಗಿ ನೋಡಿದರು. ಸಾರ್ ಚರ್ಚಿನ ಚಾವಣಿಯನ್ನು ನೋಡುತ್ತಿದ್ದರು.